ಕಪ್ಪು ಮರಳಿನಿಂದ ಅಲಗಿನವರೆಗೆ: ಜಪಾನಿ ಕತ್ತಿಗೆ ಹದ ಬರುವ ಬಗೆ

ಜಪಾನಿನ ಕತ್ತಿಯ ಮಾತು ಬಂದಾಗಲೆಲ್ಲ ಒಂದು ವಾಕ್ಯ ಕಿವಿಗೆ ಬಿದ್ದೇ ಬೀಳುತ್ತದೆ: ‘ಉಕ್ಕನ್ನು ಸಾವಿರಾರು ಸಲ ಮಡಿಚಿ ಬಡಿದಿರುತ್ತಾರೆ, ಅದಕ್ಕೇ ಅಷ್ಟು ಗಟ್ಟಿ.’ ಎರಡೂ ತಪ್ಪು. ಮಡಿಚುವುದು ಹತ್ತರಿಂದ ಹದಿನೈದು ಸಲ. ಅದಕ್ಕಿಂತ ಬಹಳ ಹೆಚ್ಚು ಮಡಿಚಿದರೆ ಕತ್ತಿ ಕೆಡುತ್ತದೆ. ಇನ್ನು ಗಟ್ಟಿತನ ಮಡಿಚುವುದರಿಂದ ಬರುವುದಲ್ಲ. ಕುಲುಮೆಯಿಂದ ಬಂದ ಉಕ್ಕಿನಲ್ಲಿದ್ದ ಕೊರತೆ ಅದರಿಂದ ನೀಗುತ್ತದೆ, ಅಷ್ಟೆ.

ಕಟಾನಾ ಎಂಬ ಜಪಾನಿನ ಉದ್ದ ಕತ್ತಿಯಲ್ಲಿ ಕಣ್ಣು ಸೆಳೆಯುವುದು ಮೂರು: ಬೆನ್ನಿನ ಬಾಗು, ಬಾಯಿಯುದ್ದಕ್ಕೂ ಮಂಜಿನಂತೆ ಹರಿಯುವ ಬಿಳಿ ಗೆರೆ, ಮೈಮೇಲೆ ಮರದ ಹಲಗೆಯಲ್ಲಿ ಕಾಣುವಂಥ ಎಳೆ. ನೋಡುವವರು ಇವನ್ನು ಅಲಂಕಾರ ಎಂದುಕೊಳ್ಳುತ್ತಾರೆ. ಕೆಲಸ ಗೊತ್ತಿದ್ದವರಿಗೆ ಇವು ಮೂರು ತಾಪತ್ರಯಗಳನ್ನು ಕಮ್ಮಾರ ನಿಭಾಯಿಸಿದ ಗುರುತುಗಳು. ಯಾವ ಗುರುತು ಯಾವ ತಾಪತ್ರಯದ್ದು ಎಂದು ತಿಳಿಯಬೇಕಾದರೆ ಕಚ್ಚಾ ಮಾಲಿನಿಂದಲೇ ನೋಡಿಕೊಂಡು ಬರಬೇಕು.

ತತಾರಾ: ಮೂರು ಹಗಲು, ಮೂರು ರಾತ್ರಿ

ಜಪಾನಿನ ಕತ್ತಿಯ ಉಕ್ಕು ಕಪ್ಪು ಮರಳಿನಿಂದ ಬರುತ್ತದೆ. ಗ್ರಾನೈಟ್ ಬಂಡೆ ಕಾಲಾಂತರದಲ್ಲಿ ಪುಡಿಯಾದಾಗ ಅದರೊಳಗಿನ ಕಬ್ಬಿಣದ ಆಕ್ಸೈಡ್ ಕಣಗಳು ಬೇರ್ಪಟ್ಟು ಉಳಿಯುತ್ತವೆ. ದೇಶದ ಪಶ್ಚಿಮ ಭಾಗದ ಶಿಮಾನೆ ಪ್ರಾಂತ್ಯದ ಒಕುಇಜುಮೊ ಸುತ್ತಮುತ್ತ ಸಿಗುವ ‘ಮಾಸಾ’ ಎಂಬ ಮರಳಿನಲ್ಲಿ ಟೈಟಾನಿಯಂ ಕಡಿಮೆ. ಕತ್ತಿಗೆ ಅದೇ ಮೇಲು. ಹಿಂದಿನವರು ಗುಡ್ಡ ಕಡಿದು, ಮಣ್ಣನ್ನು ಕಾಲುವೆಯ ನೀರಿಗೆ ಸುರಿದು, ಹಗುರ ಮಣ್ಣು ಕೊಚ್ಚಿಹೋಗಿ ತೂಕದ ಮರಳು ತಳದಲ್ಲಿ ನಿಲ್ಲುವಂತೆ ತೊಳೆಯುತ್ತಿದ್ದರು. ಹಾಗೆ ಕಡಿದು ಮಟ್ಟವಾದ ಗುಡ್ಡಗಳಲ್ಲಿ ಈಗ ಭತ್ತದ ಗದ್ದೆಗಳಿವೆ.

ಈ ಮರಳನ್ನು ಉಕ್ಕಾಗಿಸುವ ಕುಲುಮೆಗೆ ತತಾರಾ ಎಂದು ಹೆಸರು. ನೋಡಲು ಮಣ್ಣಿನ ತೊಟ್ಟಿ: ಸುಮಾರು 3 ಮೀಟರ್ ಉದ್ದ, 1 ಮೀಟರ್ ಅಗಲ, ಎತ್ತರ 1 ಮೀಟರಿಗಿಂತ ತುಸು ಹೆಚ್ಚು. ನಿಜವಾದ ಕೆಲಸ ನೆಲದಡಿಯಲ್ಲಿದೆ. ತೇವ ಮೇಲೇರದಂತೆ ಕಲ್ಲು, ಜಲ್ಲಿ, ಇದ್ದಿಲಿನ ಪದರಗಳನ್ನು ಆಳವಾಗಿ ಕಟ್ಟಿರುತ್ತಾರೆ. ತಳಕ್ಕೆ ತೇವ ಬಂದರೆ ಕಾವು ಸೋರಿಹೋಗುತ್ತದೆ. ಕಾದ ಕಿಟ್ಟಕ್ಕೆ (ಕರಗಿದ ಕಲ್ಮಶಕ್ಕೆ) ನೀರು ತಾಗಿದರೆ ಸಿಡಿಯುತ್ತದೆ.

ಎರಡೂ ಬದಿಯಿಂದ ತಿದಿಯ ಗಾಳಿ. ಮೇಲಿನಿಂದ ಅರ್ಧ ಗಂಟೆಗೊಮ್ಮೆ ಒಂದು ಸುತ್ತು ಮರಳು, ಒಂದು ಸುತ್ತು ಇದ್ದಿಲು. ಹೀಗೆ 70 ಗಂಟೆಯ ಆಸುಪಾಸು ನಿಲ್ಲಿಸದೆ ನಡೆಯುತ್ತದೆ. ಈ 70 ಗಂಟೆಗೆ ಒಟ್ಟು ಸುಮಾರು 10 ಟನ್ ಮರಳು, 12 ಟನ್ ಇದ್ದಿಲು ಬೇಕು. ಕೊನೆಗೆ ಸಿಗುವುದು ‘ಕೆರಾ’ ಎಂಬ ಸುಮಾರು 2.5 ಟನ್ನಿನ ಒಂದೇ ಗಟ್ಟಿ. ಅದರಲ್ಲಿ ಕತ್ತಿಗೆ ಒಗ್ಗುವ ‘ತಮಹಗಾನೆ’ 1 ಟನ್ನಿಗೂ ಕಡಿಮೆ.

ಇಲ್ಲಿ ಮಣ್ಣಿನ ಗೋಡೆ ಬರೀ ಗೋಡೆಯಲ್ಲ. ಗೋಡೆಯ ಮಣ್ಣಿನಲ್ಲಿರುವ ಸಿಲಿಕಾ ಮರಳಿನ ಕಲ್ಮಶದೊಡನೆ ಕೂಡಿ ಕರಗಿ, ಕಿಟ್ಟವಾಗಿ ತಳದ ತೂತಿನಿಂದ ಹರಿದುಹೋಗುತ್ತದೆ. ಅಂದರೆ ಕುಲುಮೆ ತನ್ನ ಗೋಡೆಯನ್ನೇ ತಿನ್ನುತ್ತ ಉಕ್ಕನ್ನು ಬೆಳೆಸುತ್ತದೆ. ಮೂರನೆಯ ರಾತ್ರಿ ಕಳೆಯುವ ಹೊತ್ತಿಗೆ ಗೋಡೆ ಕೆಳಗಡೆ ತೆಳ್ಳಗಾಗಿ ಇನ್ನು ನಿಲ್ಲದು ಎಂಬಂತಾಗಿರುತ್ತದೆ. ಆಗ ಕುಲುಮೆಯನ್ನೇ ಒಡೆದು ಕೆಂಡದಂಥ ಗಟ್ಟಿಯನ್ನು ಹೊರಗೆಳೆಯುತ್ತಾರೆ. ಮುಂದಿನ ಸಲಕ್ಕೆ ಹೊಸ ಕುಲುಮೆ. ಯಾವಾಗ ಮರಳು ಹೆಚ್ಚಿಸಬೇಕು, ಯಾವಾಗ ಗಾಳಿ ತಗ್ಗಿಸಬೇಕು ಎಂದು ನಿರ್ಧರಿಸುವ ಮುಖ್ಯಸ್ಥ ‘ಮುರಗೆ’. ಜ್ವಾಲೆಯ ಬಣ್ಣ, ಕಿಟ್ಟ ಹರಿಯುವ ರೀತಿ, ಗಾಳಿಕೊಳವೆಯ ತೂತಿನಲ್ಲಿ ಕಾಣುವ ಹೊಳಪು ಇವೇ ಅವನ ಮಾಪಕಗಳು. ಮೂರು ರಾತ್ರಿ ಅವನಿಗೆ ಸರಿಯಾದ ನಿದ್ದೆಯಿಲ್ಲ.

ಎರಡನೆಯ ಮಹಾಯುದ್ಧದ ನಂತರ ತತಾರಾಗಳು ಆರಿಹೋಗಿ ಕಮ್ಮಾರರಿಗೆ ಉಕ್ಕೇ ಸಿಗದಂತಾಯಿತು. 1977ರಲ್ಲಿ ಜಪಾನಿ ಕಲಾಖಡ್ಗ ಸಂರಕ್ಷಣಾ ಸಂಘ ಒಕುಇಜುಮೊದಲ್ಲಿ ಒಂದು ತತಾರಾವನ್ನು ಮತ್ತೆ ಹೊತ್ತಿಸಿತು. ಈಗಲೂ ಚಳಿಗಾಲದಲ್ಲಿ ಕೆಲವೇ ಸಲ ಅದು ನಡೆಯುತ್ತದೆ. ತಿದಿಗೆ ವಿದ್ಯುತ್ ಬಂದಿದೆ. ಉಳಿದದ್ದು ಹಳೆಯ ಕ್ರಮವೇ.

ನಮ್ಮ ಉಕ್ಕು, ಅವರ ಉಕ್ಕು

ತತಾರಾದ ಉಕ್ಕು ಪೂರ್ತಿ ಕರಗಿ ಎರಕವಾದದ್ದಲ್ಲ. ಆಮ್ಲಜನಕ ಕಳೆದುಕೊಂಡ ಕಬ್ಬಿಣ ಮೆತ್ತಗಾಗಿ, ಇಂಗಾಲ ಹೀರುತ್ತ, ಒಂದಕ್ಕೊಂದು ಅಂಟಿಕೊಂಡು ಸ್ಪಂಜಿನಂತೆ ಬೆಳೆದದ್ದು. ಹೀಗಾಗಿ ಒಂದೇ ಗಟ್ಟಿಯಲ್ಲಿ ಒಂದು ಮೂಲೆಯಲ್ಲಿ ಇಂಗಾಲ ಶೇ. 1.5, ಇನ್ನೊಂದು ಮೂಲೆಯಲ್ಲಿ ಅದರ ಅರ್ಧವೂ ಇರುವುದಿಲ್ಲ. ನಡುವೆ ಕಿಟ್ಟದ ಚೂರುಗಳು ಸಿಕ್ಕಿಕೊಂಡಿರುತ್ತವೆ.

ದಕ್ಷಿಣ ಭಾರತದ ಮೂಸೆ ಉಕ್ಕನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟ. ಯುರೋಪಿನವರು ‘ವೂಟ್ಜ್’ ಎಂದು ಕರೆದದ್ದು ಇದನ್ನೇ. ಆ ಹೆಸರು ‘ಉಕ್ಕು’ ಎಂಬ ನಮ್ಮ ಮಾತಿನಿಂದಲೇ ಹೋದದ್ದೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಮೂಸೆಯೊಳಗೆ ಕಬ್ಬಿಣದ ಜೊತೆ ಕಟ್ಟಿಗೆ, ಎಲೆ ಇಟ್ಟು, ಬಾಯಿ ಮುಚ್ಚಿ ಕಾಸುತ್ತಿದ್ದರು. ಒಳಗಿನದು ಪೂರ್ತಿ ಕರಗುವುದರಿಂದ ಕಿಟ್ಟ ಮೇಲೆ ತೇಲಿ, ಇಂಗಾಲ ಎಲ್ಲೆಡೆ ಸಮನಾಗಿ ಹರಡುತ್ತಿತ್ತು. ಆ ಉಕ್ಕಿಗೆ ಮಡಿಚುವ ಅಗತ್ಯವೇ ಇಲ್ಲ. ಅದರ ಮೈಮೇಲೆ ಕಾಣುವ ನೀರಿನಲೆಯಂಥ ಚಿತ್ತಾರ ಉಕ್ಕಿನೊಳಗಿನ ಕಾರ್ಬೈಡ್ ಸಾಲುಗಟ್ಟಿ ತಾನಾಗಿ ಮೂಡುವಂಥದ್ದು. ಜಪಾನಿ ಕತ್ತಿಯ ಎಳೆ ಸುತ್ತಿಗೆಯಿಂದ ಮೂಡಿದ್ದು. ನೋಡಲು ಹತ್ತಿರ, ಹುಟ್ಟು ಬೇರೆ.

ಮಡಿಚುವುದು: ಚಿರೋಟಿಗೆ ತದ್ವಿರುದ್ಧ

ಕಮ್ಮಾರನ ಕೈಗೆ ಬಂದ ತಮಹಗಾನೆ ಬೂದುಬಣ್ಣದ ಒರಟು ಕಲ್ಲಿನಂತಿರುತ್ತದೆ. ಮೊದಲು ಅದನ್ನು ಕಾಯಿಸಿ ಅರ್ಧ ಸೆಂಟಿಮೀಟರ್ ದಪ್ಪದ ಹಪ್ಪಳದಂತೆ ತಟ್ಟಿ, ನೀರಿಗೆ ಹಾಕುತ್ತಾನೆ. ಆಮೇಲೆ ಸುತ್ತಿಗೆಯಿಂದ ಪೆಟ್ಟು. ಇಂಗಾಲ ಹೆಚ್ಚಿದ್ದ ಭಾಗ ಪಟ್ಟನೆ ಒಡೆಯುತ್ತದೆ, ಕಡಿಮೆಯಿದ್ದದ್ದು ಬಾಗುತ್ತದೆ. ಪ್ರಯೋಗಾಲಯವಿಲ್ಲದೆ ಇಂಗಾಲ ಅಳೆಯುವ ವಿಧಾನ ಇದು. ಒಡೆದ ಚೂರುಗಳು ಹೊರಮೈಗೆ, ಬಾಗಿದವು ಒಳತಿರುಳಿಗೆ.

ಒಡೆದ ಚೂರುಗಳನ್ನು ಅದೇ ಜಾತಿಯ ಉಕ್ಕಿನ ಹಲಗೆಯ ಮೇಲೆ ಜೋಡಿಸುತ್ತಾರೆ. ಹಲಗೆಗೆ ಉದ್ದ ಹಿಡಿ ಬೆಸೆದಿರುತ್ತದೆ. ಜೋಡಣೆ ಉದುರದಂತೆ ಒದ್ದೆ ವಾಶಿ ಕಾಗದ ಸುತ್ತಿ, ಹುಲ್ಲಿನ ಬೂದಿಯಲ್ಲಿ ಹೊರಳಿಸಿ, ಮೇಲೆ ಮಣ್ಣಿನ ಗಂಜಿ ಸುರಿದು ಕುಲುಮೆಗಿಡುತ್ತಾರೆ. ಬೂದಿ ಮತ್ತು ಮಣ್ಣಿಗೆ ಎರಡು ಕೆಲಸ. ಗಾಳಿ ತಾಗದಂತೆ ಮುಚ್ಚಿ ಇಂಗಾಲ ಸುಟ್ಟುಹೋಗುವುದನ್ನು ತಡೆಯುವುದು ಒಂದು. ಉಕ್ಕಿನ ಮೇಲೇಳುವ ಆಕ್ಸೈಡ್ ಪೊರೆಯನ್ನು ಕರಗಿಸಿ, ಬಡಿದಾಗ ಪಿಚಕ್ಕನೆ ಹೊರಚಿಮ್ಮುವಂತೆ ಮಾಡುವುದು ಇನ್ನೊಂದು. ಕಾವು 1300 ಡಿಗ್ರಿ ಸೆಲ್ಸಿಯಸ್‌ ಹತ್ತಿರ ಬರಬೇಕು. ಆಗ ಕುಲುಮೆಯೊಳಗಿಂದ ಎಣ್ಣೆ ಕುದಿಯುವಂಥ ಸದ್ದು ಕೇಳುತ್ತದೆ. ಕಣ್ಣಿಗಿಂತ ಕಿವಿ ಮೊದಲು ಹೇಳುತ್ತದೆ.

ಬೆಸೆದ ಗಟ್ಟಿಯನ್ನು ಉದ್ದಕ್ಕೆ ಬಡಿದು, ನಡುವೆ ಉಳಿಯಿಂದ ಕಚ್ಚು ಹಾಕಿ, ಮಡಿಚಿ, ಮತ್ತೆ ಬೆಸೆಯುತ್ತಾರೆ. ಚಿರೋಟಿ ಮಾಡುವವರಿಗೆ ಪದರದ ಲೆಕ್ಕ ಗೊತ್ತು. ಆದರೆ ಚಿರೋಟಿಯಲ್ಲಿ ಪದರ ಬಿಡಿಬಿಡಿಯಾಗಲೆಂದು ನಡುವೆ ತುಪ್ಪ ಸವರುತ್ತಾರೆ. ಇಲ್ಲಿ ನಡುವೆ ಏನೂ ಉಳಿಯಬಾರದು. ಮಡಿಕೆಯೊಳಗೆ ಚೂರು ಆಕ್ಸೈಡ್ ಉಳಿದರೂ ಅದು ತುಪ್ಪದ ಕೆಲಸ ಮಾಡಿಬಿಡುತ್ತದೆ. ಆ ಜಾಗ ಒಳಗೊಳಗೇ ಬಿಟ್ಟುಕೊಂಡು, ತಿಂಗಳುಗಳ ನಂತರ ಸಾಣೆ ಹಿಡಿಯುವಾಗ ಗುಳ್ಳೆಯಾಗಿ (‘ಫುಕುರೆ’) ಮೇಲೇಳುತ್ತದೆ ಅಥವಾ ಸೀಳಾಗಿ ಕಾಣುತ್ತದೆ. ಇದನ್ನು ತಪ್ಪಿಸಲು ಅಡಿಗಲ್ಲಿನ ಮೇಲೆ ನೀರು ಚಿಮುಕಿಸಿ ಕಾದ ಉಕ್ಕನ್ನಿಟ್ಟು ಬಡಿಯುತ್ತಾರೆ. ನೀರು ಫಟ್ಟೆಂದು ಹಬೆಯಾಗಿ ಸಿಡಿದು ಪೊರೆಯನ್ನು ಕಿತ್ತೆಸೆಯುತ್ತದೆ. ಹೊರಗಿನವರು ಈ ಸಿಡಿತವನ್ನು ಪ್ರದರ್ಶನಕ್ಕೆಂದು ಮಾಡಿದ್ದು ಎಂದುಕೊಳ್ಳುತ್ತಾರೆ. ಅದು ಶುಚಿ ಮಾಡುವ ಕೆಲಸ.

ಇನ್ನು ಲೆಕ್ಕ. ಒಮ್ಮೆ ಮಡಿಚಿದರೆ 2 ಪದರ, ಹತ್ತು ಸಲಕ್ಕೆ 1,024, ಹದಿನೈದು ಸಲಕ್ಕೆ 32,768. ‘ಸಾವಿರಾರು’ ಎಂಬ ಮಾತು ಹುಟ್ಟಿದ್ದು ಇಲ್ಲಿ: ಪದರದ ಸಂಖ್ಯೆಯನ್ನು ಮಡಿಕೆಯ ಸಂಖ್ಯೆ ಎಂದುಕೊಂಡದ್ದು. 2.5 ಸೆಂಟಿಮೀಟರ್ ದಪ್ಪದ ಗಟ್ಟಿಯಲ್ಲಿ 32,768 ಪದರವೆಂದರೆ ಒಂದೊಂದೂ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತೆಳು. ಅಲ್ಲಿಂದ ಮುಂದೆ ಸಮ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ, ಕಳೆದುಕೊಳ್ಳುವುದೇ ಹೆಚ್ಚು. ಪ್ರತಿ ಸಲ ಕಾಯಿಸಿದಾಗಲೂ ಸ್ವಲ್ಪ ಇಂಗಾಲ ಸುಟ್ಟುಹೋಗುತ್ತದೆ, ಸ್ವಲ್ಪ ಉಕ್ಕು ಪೊರೆಯಾಗಿ ಉದುರುತ್ತದೆ. ಶೇ. 1.3ರಿಂದ ಶುರುವಾದ ಇಂಗಾಲ ಶೇ. 0.6–0.7ಕ್ಕೆ ಇಳಿದಾಗ ನಿಲ್ಲಿಸಬೇಕು. ಬಾಯಿಗೆ ಗಡಸು ಕೂರುವುದು ಅಷ್ಟರಲ್ಲಿ; ಶೇ. 0.4ಕ್ಕೆ ಇಳಿದರೆ ಎಷ್ಟು ತಣಿಸಿದರೂ ಬೇಕಾದ ಗಡಸು ಬಾರದು. ಮೊದಲಿಟ್ಟ ಉಕ್ಕಿನಲ್ಲಿ ಅರ್ಧಕ್ಕೂ ಹೆಚ್ಚು ತೂಕ ಈ ಹಂತದಲ್ಲೇ ಕೈಬಿಟ್ಟಿರುತ್ತದೆ.

ಮಡಿಚುವ ದಿಕ್ಕಿನಿಂದ ಮೈಯ ಎಳೆ ತೀರ್ಮಾನವಾಗುತ್ತದೆ. ನೇರವಾದ ಎಳೆ ‘ಮಸಾಮೆ’, ಹಲಗೆಯ ಅಲೆಯಂಥದ್ದು ‘ಇತಾಮೆ’, ಗಂಟುಗಂಟಾಗಿ ಸುತ್ತಿದ್ದು ‘ಮೊಕುಮೆ’. ಯಮಾತೊ ಪರಂಪರೆಯವರಿಗೆ ನೇರ ಎಳೆ ಪ್ರಿಯವಾಗಿದ್ದರಿಂದ ಎಳೆ ನೋಡಿಯೇ ಪರಿಣತರು ಕತ್ತಿಯ ಮನೆತನದ ದಿಕ್ಕು ಹಿಡಿಯುತ್ತಾರೆ.

ಗಡಸು ಹೊರಮೈಯನ್ನು ಉದ್ದಕ್ಕೆ ಮಡಿಚಿ ದೊನ್ನೆಯ (ಅಡಿಕೆ ಹಾಳೆಯಂತೆ ಬಾಗಿದ) ಆಕಾರ ಮಾಡಿ, ಒಳಗೆ ಮೆತ್ತನೆಯ ಉಕ್ಕಿನ ಸರಳನ್ನಿಟ್ಟು ಬೆಸೆಯುವುದು ‘ಕೊಬುಸೆ’ ಎಂಬ ಸಾಮಾನ್ಯ ಕ್ರಮ. ತಿರುಳು ಮೆತ್ತಗಿದ್ದರೆ ಪೆಟ್ಟು ಬಿದ್ದಾಗ ಕತ್ತಿ ಬಾಗುತ್ತದೆ, ಮುರಿಯುವುದಿಲ್ಲ. ಬೆಸೆಯುವಾಗ ತಿರುಳು ಒಂದು ಬದಿಗೆ ಸರಿದರೆ ಆ ಬದಿಯ ಹೊರಮೈ ತೆಳ್ಳಗಾಗಿ, ನೂರಾರು ವರ್ಷಗಳ ಸಾಣೆಯ ನಂತರ ಒಳಗಿನದು ಮಸುಕಾದ ತೇಪೆಯಂತೆ ಇಣುಕುತ್ತದೆ. ಹಳೆಯ ಕತ್ತಿಗೆ ‘ದಣಿದಿದೆ’ ಎನ್ನುವುದು ಇದನ್ನೇ.

ಮಣ್ಣು ಮೆತ್ತಿ, ಕತ್ತಲಲ್ಲಿ ನೀರಿಗೆ

ಇಡೀ ಕೆಲಸದ ಅಳಿವು ಉಳಿವು ನಿಂತಿರುವುದು ಕೆಲವೇ ಸೆಕೆಂಡುಗಳ ಈ ಹಂತದ ಮೇಲೆ.

ಬೇಕಾದದ್ದು ಏನು? ಬಾಯಿ ಗಡಸಾಗಿರಬೇಕು, ಇಲ್ಲದಿದ್ದರೆ ಹರಿತ ನಿಲ್ಲದು. ಬೆನ್ನು ಮೆತ್ತಗಿರಬೇಕು, ಇಲ್ಲದಿದ್ದರೆ ಗಾಜಿನಂತೆ ಮುರಿಯುತ್ತದೆ. ಒಂದೇ ಉಕ್ಕಿನ ತುಂಡಿನಲ್ಲಿ ಎರಡೂ ಬೇಕು. ಕಾದ ಉಕ್ಕನ್ನು ತಟ್ಟನೆ ತಣಿಸಿದರೆ ಮಾರ್ಟೆನ್ಸೈಟ್ ಎಂಬ ಗಡಸು ರಚನೆ ಬರುತ್ತದೆ, ನಿಧಾನಕ್ಕೆ ತಣಿದರೆ ಪರ್ಲೈಟ್ ಎಂಬ ತಾಳಿಕೆಯ ರಚನೆ. ಆದ್ದರಿಂದ ಬಾಯಿ ಬೇಗ ತಣಿಯಬೇಕು, ಬೆನ್ನು ತಡವಾಗಿ. ಇದನ್ನು ಸಾಧಿಸುವುದು ಮಣ್ಣಿನ ಲೇಪ.

ಜೇಡಿಮಣ್ಣು, ಇದ್ದಿಲ ಪುಡಿ, ಸಾಣೆಕಲ್ಲಿನ ಪುಡಿ: ಈ ಮೂರನ್ನು ನೀರಿನಲ್ಲಿ ಕಲಸಿದ್ದು ಲೇಪ. ಮಣ್ಣು ಅಂಟಿಗೆ, ಕಲ್ಲಿನ ಪುಡಿ ಬಿರುಕು ಬಿಡದಿರುವುದಕ್ಕೆ, ಇದ್ದಿಲು ಕಾವಿನ ಹದಕ್ಕೆ. ಪ್ರಮಾಣ ಒಬ್ಬೊಬ್ಬ ಕಮ್ಮಾರನದು ಒಂದೊಂದು, ಹೊರಗೆ ಹೇಳುವುದಿಲ್ಲ. ಬೆನ್ನಿನ ಕಡೆ ದಪ್ಪಗೆ, ಬಾಯಿಯ ಕಡೆ ಕಾಗದದಷ್ಟು ತೆಳ್ಳಗೆ ಬಳಿಯುತ್ತಾರೆ. ಬಾಯಿಗೆ ಏನೂ ಬಳಿಯದೆ ಬಿಟ್ಟರೆ ಇನ್ನೂ ಬೇಗ ತಣಿಯುವುದಿಲ್ಲವೇ ಎಂದು ಅನಿಸಬಹುದು. ಇಲ್ಲ. ಚೆನ್ನಾಗಿ ಕಾದ ದೋಸೆ ಕಾವಲಿಯ ಮೇಲೆ ನೀರು ಚಿಮುಕಿಸಿದರೆ ಹನಿಗಳು ಆರದೆ ಗೋಲಿಗಳಂತೆ ಓಡಾಡುತ್ತವಲ್ಲ, ಹಾಗೆ ಬರಿ ಉಕ್ಕಿನ ಸುತ್ತ ಹಬೆಯ ಪೊರೆ ನಿಂತು ನೀರನ್ನು ದೂರವಿಡುತ್ತದೆ. ತೆಳು ಮಣ್ಣಿನ ಒರಟು ಮೈ ಆ ಪೊರೆಯನ್ನು ಬೇಗ ಒಡೆಯುತ್ತದೆ. ತೆಳುವಾಗಿ ಬಳಿದ ಮಣ್ಣು ತಣಿಯುವುದನ್ನು ಚುರುಕಾಗಿಸುತ್ತದೆ, ದಪ್ಪಗೆ ಬಳಿದದ್ದು ತಡೆಯುತ್ತದೆ.

ಇದರ ಜೊತೆಗೆ ಬೆನ್ನಿನಿಂದ ಬಾಯಿಯ ಕಡೆಗೆ ಸಣ್ಣ ಸಣ್ಣ ಮಣ್ಣಿನ ಗೆರೆಗಳನ್ನು ಎಳೆಯುತ್ತಾರೆ. ಅವಕ್ಕೆ ‘ಅಶಿ’ ಅಂದರೆ ಕಾಲು ಎಂದು ಹೆಸರು. ಆ ಗೆರೆಯಡಿಯ ಉಕ್ಕು ಮೆತ್ತಗೇ ಉಳಿಯುವುದರಿಂದ ಬಾಯಿಯ ಒಂದು ಕಡೆ ಚಕ್ಕೆ ಎದ್ದರೂ ಅದು ಮುಂದಿನ ಅಶಿಗೆ ಬಂದು ನಿಲ್ಲುತ್ತದೆ.

ಲೇಪ ಒಣಗಿದ ಮೇಲೆ, ಕತ್ತಲಾದ ಮೇಲೆ, ಕುಲುಮೆಮನೆಯ ದೀಪ ಆರಿಸಿ ಅಲಗನ್ನು ಕಾಯಿಸುತ್ತಾರೆ. ಕತ್ತಲು ಏಕೆಂದರೆ ಉಕ್ಕಿನ ಬಣ್ಣವೇ ತಾಪಮಾಪಕ. ಹಗಲಿನಲ್ಲಿ 750 ಡಿಗ್ರಿಗೂ 850 ಡಿಗ್ರಿಗೂ ಇರುವ ಕೆಂಪಿನ ಭೇದ ಕಣ್ಣಿಗೆ ಸಿಗುವುದಿಲ್ಲ. ಬಾಯಿ 750–800ರ ನಡುವೆ, ಹಿಡಿಯ ಬುಡದಿಂದ ಮೊನೆಯವರೆಗೆ ಒಂದೇ ಬಣ್ಣಕ್ಕೆ ಬರಬೇಕು. ಇದಕ್ಕೆ ಪೈನ್ ಮರದ ಇದ್ದಿಲನ್ನು ಸಣ್ಣಗೆ ಒಂದೇ ಅಳತೆಗೆ ಕತ್ತರಿಸಿಟ್ಟಿರುತ್ತಾರೆ, ದೊಡ್ಡದು ಚಿಕ್ಕದು ಬೆರೆತರೆ ಕಾವು ಅಲ್ಲಲ್ಲಿ ಗುಂಪುಗಟ್ಟುತ್ತದೆ. ಇದ್ದಿಲು ಕತ್ತರಿಸಲು ಕಲಿಯುವುದಕ್ಕೇ ಮೂರು ವರ್ಷ ಎಂದು ಅವರಲ್ಲಿ ಮಾತಿದೆ.

ಬಣ್ಣ ಕೂಡಿಬಂದ ಕ್ಷಣ ಅಲಗು ನೀರಿನ ತೊಟ್ಟಿಗೆ, ಬಾಯಿ ಕೆಳಗಾಗಿ. ಮುಂದಿನದು ನೀರೊಳಗೇ ನಡೆಯುತ್ತದೆ. ಮೊದಲು ಬಾಯಿ ತಣಿದು ಕುಗ್ಗುವುದರಿಂದ ಅಲಗು ಬಾಯಿಯ ಕಡೆಗೇ ಬಾಗುತ್ತದೆ. ಮರುಕ್ಷಣ ಬಾಯಿಯ ಉಕ್ಕು ಮಾರ್ಟೆನ್ಸೈಟಾಗುತ್ತದೆ; ಅದಕ್ಕೆ ಹೆಚ್ಚು ಜಾಗ ಬೇಕು, ಹಾಗಾಗಿ ಬಾಯಿ ಹಿಗ್ಗಿ ಅಲಗು ಬೆನ್ನಿನ ಕಡೆಗೆ ತಿರುಗುತ್ತದೆ. ಕೊನೆಗೆ ಬೆನ್ನೂ ತಣಿದು ಕುಗ್ಗಿ ಆ ಬಾಗು ನಿಲ್ಲುತ್ತದೆ. ಅಂದರೆ ಕಟಾನಾದ ಬಾಗಿನಲ್ಲಿ ಒಂದು ಪಾಲು ಸುತ್ತಿಗೆಯದು, ಇನ್ನೊಂದು ಪಾಲು ನೀರಿನದು. ಅನುಭವಿ ಕಮ್ಮಾರ ನೀರು ಎಷ್ಟು ಬಾಗಿಸುತ್ತದೆಂದು ಅಂದಾಜಿಸಿ, ಬಡಿಯುವಾಗಲೇ ಅಷ್ಟು ಬಾಗು ಕಡಿಮೆ ಇಟ್ಟಿರುತ್ತಾನೆ.

ತಪ್ಪುವುದೂ ಇಲ್ಲಿಯೇ. ಬಾಯಿ ಹಿಗ್ಗುವುದಕ್ಕೂ ಬೆನ್ನು ತಡೆಯುವುದಕ್ಕೂ ನಡುವಿನ ಜಗ್ಗಾಟ ಮಿತಿ ಮೀರಿದರೆ ‘ಪಿಂಗ್’ ಎಂದು ಸಣ್ಣ ಸದ್ದು ಕೇಳುತ್ತದೆ. ಬಾಯಿಗೆ ಅಡ್ಡಲಾಗಿ ಕೂದಲಿನಂಥ ಬಿರುಕು; ಹೆಸರು ‘ಹಗಿರೆ’. ಇದಕ್ಕೆ ಮದ್ದಿಲ್ಲ, ಅಲಗು ಹೋಯಿತು. ನೀರು ಅತಿ ತಣ್ಣಗಿದ್ದರೆ, ಉಕ್ಕು ಅತಿ ಕಾದು ಒಳಗಣ ಕಣ ದಪ್ಪಗಾಗಿದ್ದರೆ, ಇಂಗಾಲ ಹೆಚ್ಚಿದ್ದರೆ, ಬಾಯಿಯನ್ನು ಮೊದಲೇ ತೀರ ತೆಳ್ಳಗೆ ಅರೆದಿದ್ದರೆ ಹಗಿರೆಯ ಭಯ ಹೆಚ್ಚು. ಅದಕ್ಕೇ ತಣಿಸುವ ಮೊದಲು ಬಾಯಿಯನ್ನು ಒಂದೆರಡು ಮಿಲಿಮೀಟರ್ ದಪ್ಪ ಬಿಟ್ಟಿರುತ್ತಾರೆ. ಕಾವು ಕಡಿಮೆಯಾದರೆ ಬಿರುಕು ಬಾರದು, ಆದರೆ ಗಡಸೂ ಬಾರದು. ಲೇಪ ಒಂದು ಕಡೆ ಕಳಚಿ ಬಿದ್ದರೆ ಬೇಡದ ಕಡೆ ಗಡಸು ಕೂರುತ್ತದೆ. ಹದ ಬಾರದ ಅಲಗನ್ನು ಕಾಯಿಸಿ ಗಡಸು ಬಿಡಿಸಿ ಇನ್ನೊಮ್ಮೆ ಪ್ರಯತ್ನಿಸಬಹುದು. ಆದರೆ ಪ್ರತಿ ಸಲವೂ ಬಾಗು ಹೆಚ್ಚುತ್ತದೆ, ಬಿರುಕಿನ ಭಯವೂ ಹೆಚ್ಚುತ್ತದೆ. ಗೆದ್ದ ಅಲಗನ್ನು 150–200 ಡಿಗ್ರಿಗೆ ಮೆಲ್ಲಗೆ ಕಾಯಿಸಿ ಒಳಜಗ್ಗಾಟ ಸ್ವಲ್ಪ ಸಡಿಲಿಸುತ್ತಾರೆ.

ಬಾಯಿಯುದ್ದಕ್ಕೂ ಕಾಣುವ ಬಿಳಿ ಗೆರೆ, ‘ಹಮೊನ್’, ಗಡಸು ಉಕ್ಕಿಗೂ ಮೆತ್ತನೆಯದಕ್ಕೂ ನಡುವಿನ ಗಡಿ. ಮಣ್ಣಿನ ಗೆರೆ ನೇರವಿದ್ದರೆ ನೇರ (‘ಸುಗುಹಾ’), ಅಲೆಯಿದ್ದರೆ ಅಲೆ (‘ನೊತಾರೆ’), ಲವಂಗದ ಮೊಗ್ಗಿನ ಸಾಲಿನಂತಿದ್ದರೆ ‘ಚೋಜಿ’. ಈಗಿನ ಒಕಾಯಾಮಾ ಪ್ರಾಂತ್ಯದಲ್ಲಿದ್ದ ಬಿಜೆನ್ ಪರಂಪರೆಯವರು ಈ ಲವಂಗದ ಸಾಲಿಗೆ ಹೆಸರಾದವರು. ಗಡಿಯಲ್ಲಿ ಕಣಗಳು ಕಣ್ಣಿಗೆ ಬಿಡಿಬಿಡಿಯಾಗಿ ಮಿನುಗಿದರೆ ‘ನಿಯೆ’, ಮಂಜಿನಂತೆ ಕೂಡಿಕೊಂಡಿದ್ದರೆ ‘ನಿಯೊಯಿ’. ಎರಡೂ ಮಾರ್ಟೆನ್ಸೈಟೇ, ಕಣದ ಗಾತ್ರ ಬೇರೆ. ಮಾಸಾಮುನೆ ಎಂಬ ಕಮ್ಮಾರನಿಂದ ಹೆಸರಾದ ಸೋಶು ಪರಂಪರೆಯಲ್ಲಿ ನಿಯೆ ಜಾಸ್ತಿ.

ಅಗ್ಗದ ನಕಲಿ ಕತ್ತಿಗಳಲ್ಲಿ ಆಮ್ಲ ಸವರಿ ಈ ಗೆರೆಯನ್ನು ಬರೆದಿರುತ್ತಾರೆ. ಒಂದೇ ಬಲ್ಬಿನ ಬೆಳಕಿಗೆ ಅಲಗನ್ನು ಓರೆಯಾಗಿ ಹಿಡಿದು ಅತ್ತಿತ್ತ ಹೊರಳಿಸಿ ನೋಡಿ. ನಿಜವಾದ ಹಮೊನ್ ಕೋನ ಬದಲಾದಂತೆ ಹೊತ್ತಿ ಆರುತ್ತದೆ, ಅದರೊಳಗೆ ಆಳವಿದೆ. ಆಮ್ಲದ್ದು ಗೋಡೆಗೆ ಸುಣ್ಣ ಬಳಿದಂತೆ ಎತ್ತ ತಿರುಗಿಸಿದರೂ ಒಂದೇ ಬಿಳಿ.

ಸಾಣೆ ಮತ್ತು ಒರೆ

ಕಮ್ಮಾರ ಕೊಟ್ಟ ಅಲಗಿನಲ್ಲಿ ಮೇಲೆ ಹೇಳಿದ್ದೊಂದೂ ನೆಟ್ಟಗೆ ಕಾಣುವುದಿಲ್ಲ. ಕಾಣಿಸುವವನು ‘ತೊಗಿಶಿ’, ಸಾಣೆಯವನು. ಇಲ್ಲಿ ತಿರುಗುವ ಚಕ್ರವಿಲ್ಲ. ನೆಲದಲ್ಲಿ ಕಲ್ಲು, ಕೈಯಲ್ಲಿ ಅಲಗು, ನಡುವೆ ನೀರು. ಒರಟು ಕಲ್ಲಿನಿಂದ ಶುರುಮಾಡಿ ಬಿನ್ಸುಯಿ, ಕೈಸೆಯಿ, ನಗುರಾ, ಉಚಿಗುಮೊರಿ ಎಂದು ಹಂತಹಂತವಾಗಿ ನಯದ ಕಲ್ಲಿಗೆ ಬರುತ್ತಾರೆ. ಪ್ರತಿ ಕಲ್ಲಿನಲ್ಲೂ ಹಿಂದಿನ ಕಲ್ಲಿನ ಗೀರು ಒಂದೂ ಉಳಿಯಬಾರದು. ಉಳಿದದ್ದು ಎರಡು ಕಲ್ಲು ದಾಟಿದ ಮೇಲೆ ಕಂಡರೆ ಮತ್ತೆ ಹಿಂದಕ್ಕೆ ಹೋಗಬೇಕು. ಕೊನೆಗೆ ಉಚಿಗುಮೊರಿ ಕಲ್ಲಿನ ತೆಳು ಚಕ್ಕೆಗೆ ಕಾಗದ ಅಂಟಿಸಿ, ಉಗುರಿನಷ್ಟು ಮಾಡಿ, ಹೆಬ್ಬೆರಳಿನಡಿ ಇಟ್ಟು ಉಜ್ಜುತ್ತಾರೆ. ಎಣ್ಣೆಯಲ್ಲಿ ಕಲಸಿದ ಕಬ್ಬಿಣದ ಆಕ್ಸೈಡ್ ಪುಡಿಯಿಂದ ಮೈ ಗಾಢವಾಗುತ್ತದೆ, ಬೆನ್ನಿನ ಭಾಗಕ್ಕೆ ಉಕ್ಕಿನ ಸೂಜಿಯಿಂದ ತಿಕ್ಕಿ ಕನ್ನಡಿಯ ಹೊಳಪು. ಒಂದು ಉದ್ದ ಕತ್ತಿಗೆ ವಾರಗಳು ಹಿಡಿಯುತ್ತವೆ. ಸಾಣೆಯೆಂದರೆ ಉಕ್ಕು ಸವೆಸುವುದು. ತುಕ್ಕು ಕಂಡೊಡನೆ ಸಾಣೆಗೆ ಕೊಡುವುದು ಕತ್ತಿಯ ಆಯುಸ್ಸು ಕಳೆದಂತೆ.

ಅಲಗಿನ ಪಕ್ಕದಲ್ಲಿ ಉದ್ದಕ್ಕೆ ಕೊರೆದ ತೋಡನ್ನು ‘ರಕ್ತ ಹರಿಯುವ ಕಾಲುವೆ’ ಎನ್ನುವವರಿದ್ದಾರೆ. ರೈಲು ಕಂಬಿಯ ನಡು ತೆಳ್ಳಗಿರುವುದು ಯಾವ ಕಾರಣಕ್ಕೋ ತೋಡು ಇರುವುದೂ ಅದೇ ಕಾರಣಕ್ಕೆ: ಬಿಗಿ ಬಹಳ ಕಳೆಯದೆ ತೂಕ ಇಳಿಸುವುದಕ್ಕೆ.

ಒರೆ ‘ಹೊನೊಕಿ’ ಎಂಬ ಮ್ಯಾಗ್ನೋಲಿಯಾ ಜಾತಿಯ ಮರದ್ದು. ಮೆತ್ತಗಿದ್ದು ಅಲಗನ್ನು ಗೀರದು. ಎರಡು ಹೋಳು ಮಾಡಿ ಒಳಗೆ ಕೊರೆದು, ಅನ್ನವನ್ನು ನುಣ್ಣಗೆ ಅರೆದ ಅಂಟಿನಿಂದ ಕೂಡಿಸುತ್ತಾರೆ. ಬಲವಾದ ಅಂಟು ಸಿಗದೆ ಹೀಗೆ ಮಾಡಿದ್ದಲ್ಲ. ಒಳಗೆ ಕಸ ಸೇರಿದಾಗ ಅಥವಾ ತುಕ್ಕು ಹಿಡಿದಾಗ ಮರ ಸೀಳದೆ ಅಂಟಿನ ಗೆರೆಯಲ್ಲೇ ಬಿಡಿಸಿ ಶುಚಿ ಮಾಡುವಂತಿರಬೇಕು. ಹಿಡಿಯನ್ನು ಅಲಗಿಗೆ ಬಂಧಿಸುವುದು ಒಂದೇ ಒಂದು ಬಿದಿರಿನ ಗೂಟ. ಅದು ಒಣಗಿ ಕುಗ್ಗಿದರೆ ಬೀಸುವಾಗ ಅಲಗು ಹಿಡಿಯಿಂದ ಹಾರಿಹೋಗುತ್ತದೆ. ಅಭ್ಯಾಸಕ್ಕೆ ಮುನ್ನ ಗೂಟ ನೋಡುವುದು ಕತ್ತಿವರಸೆ ಕಲಿಯುವವರಿಗೆ ಮೊದಲ ಪಾಠಗಳಲ್ಲೊಂದು. ಅಲಗಿಗೆ ಲವಂಗದ ಪರಿಮಳದ ‘ಚೋಜಿ’ ಎಣ್ಣೆಯ ತೆಳು ಲೇಪ; ಹೆಚ್ಚು ಸುರಿದರೆ ಒರೆಯೊಳಗಿನ ಮರ ಹೀರಿ ಧೂಳು ಹಿಡಿಯುತ್ತದೆ. ಬರಿಗೈ ತಾಗಿದ ಬೆರಳ ಗುರುತು ಕೆಲವೇ ದಿನಗಳಲ್ಲಿ ತುಕ್ಕಾಗುತ್ತದೆ.

ಕತ್ತಿ ಮತ್ತು ಯೋಧ

ಇಷ್ಟೆಲ್ಲ ಶ್ರಮದ ಕತ್ತಿ ಸಮುರಾಯಿಯ ಮುಖ್ಯ ಆಯುಧವಾಗಿತ್ತೇ? ಬಹುಕಾಲ ಅಲ್ಲ. ಆರಂಭದ ಯೋಧರು ತಮ್ಮ ವೃತ್ತಿಯನ್ನು ಕರೆದದ್ದೇ ‘ಬಿಲ್ಲು ಮತ್ತು ಕುದುರೆಯ ದಾರಿ’ ಎಂದು. ಕುದುರೆಯ ಮೇಲಿಂದ ಬೀಸಲು ಅನುಕೂಲವಾದ, ಹೆಚ್ಚು ಬಾಗಿದ ‘ತಾಚಿ’ಯನ್ನು ಬಾಯಿ ಕೆಳಗಾಗಿ ನಡುವಿಗೆ ತೂಗುಹಾಕುತ್ತಿದ್ದರು. ಕಾಲಾಳುಗಳ ಯುದ್ಧ ಹೆಚ್ಚಿದಂತೆ ಬಾಯಿ ಮೇಲಾಗಿ ನಡುಪಟ್ಟಿಗೆ ಸಿಕ್ಕಿಸುವ ಕಟಾನಾ ಬಂತು. ಬಾಯಿ ಮೇಲಿದ್ದರೆ ಒರೆಯಿಂದ ಎಳೆಯುವುದೂ ಕಡಿಯುವುದೂ ಒಂದೇ ಬೀಸಿನಲ್ಲಿ ಆಗುತ್ತದೆ. ಹದಿನಾರನೆಯ ಶತಮಾನದ ರಣರಂಗದಲ್ಲಿ ಉದ್ದ ಈಟಿಯದೇ ಕಾರುಬಾರು; 1543ರಲ್ಲಿ ತನೆಗಶಿಮಾ ದ್ವೀಪಕ್ಕೆ ಪೋರ್ಚುಗೀಸರ ಬಂದೂಕು ಬಂದಿಳಿದ ಮೇಲೆ, 1575ರ ನಗಶಿನೊ ಕದನದ ಹೊತ್ತಿಗೆ ಅದೂ ಸೇರಿಕೊಂಡಿತ್ತು. ಕತ್ತಿ ಪಕ್ಕದ ಆಯುಧ.

ಅದು ಯೋಧನ ಗುರುತಾಗಿ ಗಟ್ಟಿಯಾದದ್ದು ಯುದ್ಧ ನಿಂತ ಮೇಲೆ. 1588ರಲ್ಲಿ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೋಶಿ ರೈತರ ಕೈಯಿಂದ ಆಯುಧ ಕಿತ್ತುಕೊಂಡ. ನಂತರದ ಎದೊ ಕಾಲದಲ್ಲಿ (1603–1868) ಉದ್ದದ್ದೊಂದು ಗಿಡ್ಡದ್ದೊಂದು ಜೋಡಿ ಕತ್ತಿ ಸಮುರಾಯಿಯ ಹಕ್ಕಿನ ಚಿಹ್ನೆಯಾಯಿತು. 1876ರಲ್ಲಿ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿದಾಗ ಕಮ್ಮಾರರಲ್ಲಿ ಬಹುಪಾಲು ಕುಡುಗೋಲು, ಅಡುಗೆ ಚಾಕುಗಳತ್ತ ತಿರುಗಿದರು.

ಅಳತೆ ಇಂದಿಗೂ ‘ಶಾಕು’ವಿನಲ್ಲಿ, ಒಂದು ಶಾಕು 30.3 ಸೆಂಟಿಮೀಟರ್. ಎರಡು ಶಾಕು ಮೀರಿದ್ದು ಕಟಾನಾ, ಒಂದರಿಂದ ಎರಡರೊಳಗಿನದು ವಾಕಿಜಾಶಿ, ಒಂದಕ್ಕಿಂತ ಗಿಡ್ಡ ತಾಂತೋ. ಇಂದಿನ ಜಪಾನಿನಲ್ಲಿ ಕತ್ತಿ ಮಾಡಲು ಪರವಾನಗಿ ಬೇಕು, ಅದಕ್ಕೆ ಮೊದಲು ಪರವಾನಗಿ ಪಡೆದ ಗುರುವಿನ ಬಳಿ ವರ್ಷಗಟ್ಟಲೆ ಶಿಷ್ಯತನ. ಪರವಾನಗಿ ಸಿಕ್ಕ ಮೇಲೂ ತಿಂಗಳಿಗೆ ಉದ್ದ ಕತ್ತಿ ಎರಡೇ. ನೋಂದಣಿ ಪತ್ರ ಕತ್ತಿಯ ಹೆಸರಿನಲ್ಲಿರುತ್ತದೆ, ಮಾಲೀಕನ ಹೆಸರಿನಲ್ಲಲ್ಲ: ಉದ್ದ, ಬಾಗು, ಗೂಟದ ತೂತು ಎಷ್ಟು, ಬುಡದ ಬರಹವೇನು ಎಂದು ಅದರಲ್ಲಿರುತ್ತದೆ.

ಆ ಬುಡ, ಹಿಡಿಯೊಳಗೆ ಅಡಗಿರುವ ‘ನಕಾಗೊ’, ಕತ್ತಿಯಲ್ಲಿ ಸಾಣೆ ತಾಗದ ಒಂದೇ ಭಾಗ. ಕಮ್ಮಾರನ ಹೆಸರು, ಅರದ ಗುರುತು ಎಲ್ಲ ಅಲ್ಲಿವೆ. ಕಟಾನಾವಾದರೆ ಹೆಸರು ಸಾಮಾನ್ಯವಾಗಿ ಒಂದು ಮಗ್ಗುಲಲ್ಲಿ, ತಾಚಿಯಾದರೆ ಇನ್ನೊಂದರಲ್ಲಿ. ಎರಡರಲ್ಲೂ ಧರಿಸಿದಾಗ ಹೊರಗಡೆಗೆ ಬರುವ ಮಗ್ಗುಲು. ಉದ್ದದ ತಾಚಿಯನ್ನು ನಂತರದವರು ಗಿಡ್ಡ ಮಾಡಿದ್ದು ಬುಡದ ಕಡೆಯಿಂದ ಕತ್ತರಿಸಿ, ಮೊನೆಯ ಕಡೆಯಿಂದಲ್ಲ. ಹೀಗಾಗಿ ಎಷ್ಟೋ ಶ್ರೇಷ್ಠ ಕತ್ತಿಗಳ ಹೆಸರು ಆ ತುಂಡಿನೊಡನೆ ಹೋಯಿತು. ಬುಡದ ಮೇಲೆ ಶತಮಾನಗಳಿಂದ ಕೂತ ಕಪ್ಪು ತುಕ್ಕೇ ವಯಸ್ಸಿನ ಸಾಕ್ಷಿ. ನಾನೂರು ವರ್ಷದ ತುಕ್ಕು ದಟ್ಟ ಕಪ್ಪಾಗಿ, ನಯವಾಗಿ, ಮುಟ್ಟಿದರೆ ಕೈಗೆ ಹತ್ತದಂತಿರುತ್ತದೆ. ನಿನ್ನೆ ಮೊನ್ನೆ ಮಾಡಿದ ಸುಳ್ಳು ತುಕ್ಕು ಕೆಂಪಗೆ ಪುಡಿಯಾಗಿ ಬೆರಳಿಗೆ ಅಂಟುತ್ತದೆ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಕತ್ತಿಯ ಬುಡವನ್ನು ಶುಚಿ ಮಾಡುವ ಉತ್ಸಾಹದಲ್ಲಿ ಉಪ್ಪುಕಾಗದ ಹಿಡಿದು ತಿಕ್ಕಿದವರು ಕತ್ತಿಯ ಬೆಲೆಯ ಬಹುಪಾಲನ್ನು ಒಂದೇ ಮಧ್ಯಾಹ್ನದಲ್ಲಿ ತಿಕ್ಕಿಹಾಕಿದ್ದಾರೆ.